ಜನರೇಟರು, ಮೈನ್ ಸ್ವಿಚ್ಚು ಮತ್ತೆ ನಮ್ಮಮ್ಮ

ಮೊನ್ನೆ ರಾತ್ರಿ ತಂಗಿ ಫೋನ್ ಮಾಡಿದ್ಲು. ಮಳೆಗಾಲ ಶುರುವಾಗೋದ್ರೊಳಗೆ ಅಂತ ಅವರ ಮನೇಲೂ ಒಂದು ಜನರೇಟರ್ ತಂದ್ರಂತೆ. "ಅಕ್ಕಾ, ವಯರಿಂಗ್‌ನವನು ಚೇಂಜ್ ಓವರ್ ಸ್ವಿಚ್ ಹಾಕ್ಸಲೇಬೇಕು ಅಂತಿದಾನೆ. ಇವ್ರು ಅದೆಲ್ಲ ಸುಮ್ನೆ ಖರ್ಚು ಅಂತಾರೆ. ಒಂದು ವಯರಿಗೆ ಎರಡೂ ತುದಿಗೆ ಪಿನ್ ಹಾಕಿ, ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಜಗಲಿ ಪ್ಲಗ್ಗಿಗೆ ಚುಚ್ಚಿದ್ರೆ ಮನೆಗೆಲ್ಲ ಕರೆಂಟ್ ಬರತ್ತಂತೆ. ನಮ್ಮನೇಲೂ ಮೊದ್ಲು ಹಂಗೇ ಇತ್ತಲ್ದನೇ?" ಅಂದ್ಲು.

"ಇತ್ತು" ಅಂದೆ. ಮುಂದೆ ಮಾತು ಹೊರಡಲಿಲ್ಲ. ಅವಳಿಗೆ ಆಗ ಐದು ವರ್ಷ, ಏನೂ ನೆನಪಿಲ್ಲ. ನೆನಪಿರೋದು ನಂಗೆ. ನಂಗಿಂತ ಜಾಸ್ತಿ ನೆನಪಿರೋದು ಅಮ್ಮಂಗೆ.

ಹಂಗಾಗಿ ಈ ಸಲ ಹಪ್ಪಳ, ಉಪ್ಪಿನಕಾಯಿ ವಿಷಯ ಬದಿಗಿಟ್ಟು ಕರೆಂಟಿನ ಕಥೆ ಬರೀತಿದೀನಿ. ಓದೋರಲ್ಲಿ ಸುಮಾರು ಜನರ ಮನೇಲಿ ಜನರೇಟರ್ ಇದೆ ಅಂತ ನಂಗೊತ್ತು. ತರೋರು ಗಂಡಸರು. ಆದ್ರೆ ಕರೆಂಟ್ ಹೋದಾಗ ಮನೇಲಿರೋರು ನಾವು. ಹಗ್ಗ ಎಳ್ದು ಶುರು ಮಾಡೋರೂ ನಾವೇ, ಸ್ವಿಚ್ ಹಾಕೋರೂ ನಾವೇ. ಇದು ನಮಗೆ ಗೊತ್ತಿರಲೇಬೇಕಾದ ವಿಷಯ. ನಮಗೇ ಯಾರೂ ಕೂರಿಸ್ಕೊಂಡು ಹೇಳದೇ ಇರೋ ವಿಷಯವೂ ಹೌದು.

ಸ್ವಲ್ಪ ಹಿಂದಿಂದ ಹೇಳ್ತೀನಿ.

ನಮ್ಮಜ್ಜಿ ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿದ್ದಿದ್ದು ಚಿಮಣಿ ಬುಡ್ಡಿ, ಲಾಟೀನು, ದೇವರ ಮುಂದಿನ ದೀಪ, ಇಷ್ಟೇ. ಮದುವೆ ಮುಂಜಿಗೆ ಗ್ಯಾಸ್‌ಲೈಟು ಬಾಡಿಗೆಗೆ ತರ್ತಿದ್ರು. ಆಗ ಬೆಂಕಿ ಕಂಡ್ರೆ ಭಯ ಇತ್ತು. ಸೀಮೆಣ್ಣೆ ಚೆಲ್ಲಿ ಸೀರೆ ಹೊತ್ಕೊಂಡ ಕಥೆ ಪ್ರತಿ ಊರಲ್ಲೂ ಇರ್ತಿತ್ತು. ಆದ್ರೆ ಒಂದು, ನಮ್ಮನೆ ಬುಡ್ಡಿಯಿಂದ ಅಪಾಯ ಆದ್ರೆ ನಮ್ಮನೆಗೇ ಆಗ್ತಿತ್ತು. ಊರಾಚೆ ಕಂಬ ಹತ್ತಿ ನಿಂತೋನಿಗೆ ಆಗ್ತಿರಲಿಲ್ಲ. ಇದನ್ನ ಮನಸಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

ನಮ್ಮ ಕಡೆ ಕರೆಂಟಿನ ಚರಿತ್ರೆ ಶುರುವಾಗಿದ್ದು ಮನೆ ದೀಪಕ್ಕೆ ಅಂತ ಅಲ್ವೇ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ಮಾಡಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕಳಿಸಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪಕ್ಕೆ ಬಂದಿದ್ದು 1905ರಲ್ಲಿ. ನಮ್ಮ ಜೋಗದಲ್ಲಿ ಕೆಲಸ ಶುರುವಾಗಿದ್ದು 1939ರಲ್ಲಿ, ಕರೆಂಟ್ ಹೊರಟಿದ್ದು 1948ರಲ್ಲಿ. ಮೊದಲು ಮಹಾರಾಜರ ಹೆಸರಲ್ಲಿದ್ದ ಆ ಪವರ್ ಹೌಸಿಗೆ ಆಮೇಲೆ ಮಹಾತ್ಮಾ ಗಾಂಧಿ ಹೆಸರಿಟ್ರು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಮುಗೀತು. ಮುಳುಗಡೆ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲೇ ಎಷ್ಟೋ ಜನರ ತವರು ಆ ನೀರಿನಡಿ ಇದೆ. ಮನೆ, ತೋಟ ಬಿಟ್ಟುಕೊಟ್ಟೋರ ತಲೆ ಮೇಲೇ ದೊಡ್ಡ ದೊಡ್ಡ ಕಂಬದ ಲೈನು ಹೋಯ್ತು. ಕೆಳಗೆ ಅಜ್ಜಿ ಮಾತ್ರ ಚಿಮಣಿ ಗಾಜು ಒರೆಸ್ತಾ ಕೂತಿದ್ಲು. "ನಮ್ಮ ಹೊಳೆ ನೀರು, ದೀಪ ಮಾತ್ರ ಪೇಟೆಯೋರಿಗೆ" ಅಂತ ಅವಳು ಸಾಯೋವರೆಗೂ ಹೇಳ್ತಿದ್ಲು.

ನಮ್ಮನೆಗೆ ಕಂಬ ಬಂದಿದ್ದು ಅಪ್ಪಯ್ಯನ ಮದುವೆ ಆದ್ಮೇಲೆ. ಅಡಿಗೆಮನೆಗೊಂದು, ಜಗಲಿಗೊಂದು, ಕೊಟ್ಟಿಗೆಗೊಂದು ಬಲ್ಬು. ಅಮ್ಮ ಹೇಳದು, ಮೊದಲ ದಿನ ಬಲ್ಬು ಹತ್ತಿದಾಗ ಅಡಿಗೆಮನೆ ಗೋಡೆ ಎಷ್ಟು ಕಪ್ಪಗಿದೆ ಅಂತ ಕಂಡು ನಾಚಿಕೆ ಆಯ್ತಂತೆ. ಮರುದಿನವೇ ಸುಣ್ಣ ತರಿಸಿದ್ಲಂತೆ.

ಆದ್ರೆ ಬಂದ ಕರೆಂಟು ನಿಲ್ಲಬೇಕಲ್ಲ. ನಮ್ಮ ರಾಜ್ಯದ ಕರೆಂಟೆಲ್ಲ ಹೆಚ್ಚುಕಮ್ಮಿ ನೀರಿಂದಲೇ ಆಗ್ತಿತ್ತು. ರಾಯಚೂರಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಮಳೆ ಕಮ್ಮಿಯಾದ ವರ್ಷ ಕರೆಂಟಿಲ್ಲ. ನಮ್ಮಲ್ಲಿ ಇನ್ನೂ ಒಂದು ತಮಾಷೆ, ಮಳೆ ಜಾಸ್ತಿಯಾದ್ರೂ ಕರೆಂಟಿಲ್ಲ. ಗಾಳಿಗೆ ಮರ ಬೀಳತ್ತೆ, ತಂತಿ ಹರೀತದೆ. ಕಾಡಿನ ಮಧ್ಯ ಕಂಬ ಎಲ್ಲಿ ಬಿದ್ದಿದೆ ಅಂತ ಹುಡುಕೋಕೇ ಒಂದು ದಿನ ಬೇಕು. ಅದಕ್ಕೇ ಬುಡ್ಡಿ, ಲಾಟೀನು ಅಟ್ಟಕ್ಕೆ ಹೋಗಲೇ ಇಲ್ಲ.

ಈಗ ಜನರೇಟರ್ ವಿಷಯ. ರುಡಾಲ್ಫ್ ಡೀಸೆಲ್ ಅನ್ನೋನು ಜರ್ಮನಿಯ ಆಗ್ಸ್‌ಬರ್ಗಲ್ಲಿ ತನ್ನ ಇಂಜಿನ್ ಸರಿಯಾಗಿ ಓಡುವಂತೆ ಮಾಡಿ ತೋರ್ಸಿದ್ದು 1897ರಲ್ಲಿ. ನಾವು ಗಾಡಿಗೆ ಹಾಕೋ ಡೀಸೆಲ್ಲಿಗೆ ಹೆಸರು ಬಂದಿದ್ದು ಅವನಿಂದ. ಆ ಜಾತಿ ಇಂಜಿನ್ ನಮ್ಮ ತೋಟಕ್ಕೆ ಬಂದಿದ್ದು ಕಿರ್ಲೋಸ್ಕರ್ ಹೆಸರಲ್ಲಿ. ಪುಣೆಯಲ್ಲಿ 1946ರಲ್ಲಿ ಅವರ ಆಯಿಲ್ ಇಂಜಿನ್ ಕಂಪನಿ ಶುರುವಾಯ್ತು. ಕಿರ್ಲೋಸ್ಕರ್ ಅಂದ್ರೆ ಮರಾಠಿಯೋರು ಅಂತಷ್ಟೇ ತಿಳ್ಕೊಂಡಿರ್ತೀವಿ. ಆ ಮನೆತನದ ಉದ್ಯಮ ಶುರು ಮಾಡಿದ ಲಕ್ಷ್ಮಣರಾವ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ. ಹಳೇ ತೋಟಗಳಲ್ಲಿ ಡುಗುಡುಗು ಅಂತ ಹೊಳೆ ನೀರೆತ್ತುತ್ತಿದ್ದ ಇಂಜಿನ್ನಿಗೆ ಜನ ಬರೀ "ಕಿರ್ಲೋಸ್ಕರ್" ಅಂತಲೇ ಹೇಳ್ತಿದ್ರು.

ಅದೇ ತರದ ಇಂಜಿನ್ನಿಗೆ ಡೈನಮೋ ಕಟ್ಟಿ ಟೂರಿಂಗ್ ಟಾಕೀಸಿನವರು ಸಿನಿಮಾ ತೋರ್ಸ್ತಿದ್ರು. ಯಕ್ಷಗಾನದ ಟೆಂಟಿನ ಮೇಳಗಳಲ್ಲೂ ಗ್ಯಾಸ್‌ಲೈಟು ಹೋಗಿ ಜನರೇಟರ್ ಬಂತು. ಆಟ ನೋಡ್ತಾ ಕೂತಾಗ ಚೆಂಡೆ ಮಧ್ಯ ಹಿಂದೆಲ್ಲೋ ಗುಂಯ್ ಅಂತ ಕೇಳ್ತಿತ್ತಲ್ಲ, ಅದು. ಅಲ್ಲಿ ಯಾವ ತೊಂದರೆಯೂ ಇರಲಿಲ್ಲ. ಗದ್ದೆ ಬಯಲಲ್ಲಿ ಬೇರೆ ಕರೆಂಟೇ ಇರ್ತಿರಲಿಲ್ಲ. ಜನರೇಟರಿಂದ ಹೊರಟ ವಯರು ಬಲ್ಬಿಗೆ ಹೋಯ್ತು, ಮುಗೀತು.

ತೊಂದರೆ ಶುರುವಾಗಿದ್ದು ಒಂದೇ ಮನೆಗೆ ಎರಡು ಕಡೆಯಿಂದ ಕರೆಂಟ್ ಬರೋಕೆ ಶುರುವಾದ ಮೇಲೆ. 1985ರಲ್ಲಿ ಶ್ರೀರಾಮ್ ಹೊಂಡಾ ಕಂಪನಿ ಶುರುವಾಯ್ತು. ಒಬ್ಬಿಬ್ಬರು ಎತ್ತಿಕೊಂಡು ಹೋಗೋಷ್ಟು ಸಣ್ಣ ಜನರೇಟರ್‌ಗಳು ಪೇಟೆ ಅಂಗಡಿಗೆ, ಆಮೇಲೆ ನಮ್ಮಂಥೋರ ಮನೆಗೆ ಬಂದ್ವು. ಪೆಟ್ರೋಲಲ್ಲಿ ಶುರು ಮಾಡಿ ಸೀಮೆಣ್ಣೆಗೆ ತಿರುಗಿಸೋದೂ ಇತ್ತು. ಸೀಮೆಣ್ಣೆ ಅಗ್ಗ. ಅಪ್ಪಯ್ಯ ಒಂದನ್ನ ಸೆಕೆಂಡ್ ಹ್ಯಾಂಡ್ ತಂದ್ರು. ಎರಡು ಕೆವಿಎದ್ದು. ಚಿಕ್ಕಪ್ಪಂಗೆ ಅಲ್ಪಸ್ವಲ್ಪ ವಯರಿಂಗ್ ಬರ್ತಿತ್ತು. ಅವನೇ ಎರಡೂ ತುದಿಗೆ ಪಿನ್ ಇರೋ ಆ ವಯರ್ ಮಾಡಿದ್ದು. ಜಗಲಿ ಪ್ಲಗ್ಗಿಗೆ ಚುಚ್ಚಿದ ಕೂಡ್ಲೇ ಮನೆಯೆಲ್ಲ ಬೆಳಕು. ಊರಲ್ಲಿ ನಾವೇ ಮೊದಲು. ಎಂತ ಜಂಬ!

ಚಿಕ್ಕಪ್ಪ ಒಂದು ಮಾತು ಹೇಳಿದ್ದ: "ಜನರೇಟರ್ ಹಾಕೋಕೆ ಮೊದ್ಲು ಮೈನ್ ಆಫ್ ಮಾಡ್ಬೇಕು." ಅಷ್ಟೇ. ಯಾಕೆ ಅಂತ ಹೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲ. ಮೈಲಿಗೆ ಬಟ್ಟೆ ಮುಟ್ಟಬಾರ್ದು, ರಾತ್ರಿ ಉಗುರು ತೆಗೀಬಾರ್ದು ಅನ್ನೋ ಸಾಲಿಗೆ ಇದೂ ಒಂದು ಸೇರಿತ್ತು.

1993ರ ಮೇ ತಿಂಗಳು. ನಾನು ಏಳನೇ ಕ್ಲಾಸು ಮುಗ್ಸಿದ್ದೆ. ಚಿಕ್ಕತ್ತೆ ಮದುವೆ ನಮ್ಮನೇಲೇ, ಅಂಗಳದಲ್ಲಿ ಚಪ್ಪರ. ನಾಂದಿ ಹಿಂದಿನ ರಾತ್ರಿ ಗುಡುಗು ಗಾಳಿ ಬಂದು ಚಪ್ಪರದ ಅರ್ಧ ಸೋಗೆ ಹಾರಿ ಹೋಯ್ತು, ಕರೆಂಟೂ ಹೋಯ್ತು. ಗದ್ದೆ ಬದಿಯ ಮರವೊಂದು ಲೈನಿನ ಮೇಲೆ ಬಿದ್ದು ತಂತಿ ತುಂಡಾಗಿತ್ತು. ಟಿಸಿಯಿಂದ ಬರೋ ಲೈನಲ್ಲಿ ನಮ್ಮನೆ ಮತ್ತೆ ಕೆಳಗಿನ ಎರಡು ಮನೆ ಕೊನೇಲಿರೋದು. ಆ ಮೂರು ಮನೆ ಬೇರೆ ಆಗಿ ಉಳಿದ್ವು.

ಬೆಳಿಗ್ಗೆ ಅಡಿಗೆ ಭಟ್ರಿಗೆ ರುಬ್ಬೋಕೆ ಗ್ರೈಂಡರ್ ಬೇಕು. ನಮ್ಮ ಅಡಿಗೆಮನೆ ಹಗಲಲ್ಲೂ ಕತ್ತಲೆ, ಬಲ್ಬು ಬೇಕು. ಚಿಕ್ಕಪ್ಪ ಮೈನ್ ಆಫ್ ಮಾಡಿ ಜನರೇಟರ್ ಹಾಕಿ, ಬಾಳೆ ಎಲೆ ತರೋಕೆ ಪೇಟೆಗೆ ಹೋದ. ಅಪ್ಪಯ್ಯ ಲೈನ್‌ಮನ್‌ನ ಕರ್ಕೊಂಡು ಬಂದಿದ್ರು. ಪಾಪ, ಅವನು ಮದುವೆ ಮನೆ ಅಂತ ಬೇರೆ ಕೆಲಸ ಬಿಟ್ಟು ಬಂದಿದ್ದ. ಟಿಸಿ ಹತ್ರ ಹೋಗಿ ಫ್ಯೂಸ್ ಕಿತ್ತು ಜೇಬಲ್ಲಿಟ್ಕೊಂಡು, ಗದ್ದೆ ಹತ್ರ ಕಂಬ ಹತ್ತಿದ. ಅವನ ಲೆಕ್ಕದಲ್ಲಿ ಇಡೀ ಲೈನು ಸತ್ತಿತ್ತು.

ಅಮ್ಮ ಅಡಿಗೆಮನೆಯಿಂದ ಜಗಲಿಗೆ ಬಂದ್ಲು. ಲೈನ್‌ಮನ್ ಬಂದು ತುಂಬ ಹೊತ್ತಾಯ್ತು, ಕರೆಂಟ್ ಬಂತೋ ಏನೋ, ಬಂದಿದ್ರೆ ಸುಮ್ನೆ ಸೀಮೆಣ್ಣೆ ಯಾಕೆ ಸುಡಬೇಕು ಅಂತ ಅವಳ ಯೋಚನೆ. ನಮ್ಮನೇಲಿ ಕರೆಂಟ್ ಬಂತಾ ಅಂತ ತಿಳಿಯೋಕೆ ಇದ್ದಿದ್ದು ಒಂದೇ ದಾರಿ, ಮೈನ್ ಹಾಕಿ ನೋಡದು. ಅವಳು ಮೈನ್ ಹಾಕಿದ್ಲು. ಜನರೇಟರ್ ಓಡ್ತಾನೇ ಇತ್ತು. ಬಲ್ಬು ಕೆಂಪಗಾಯ್ತು, ಜನರೇಟರ್ ಒಂದ್ಸಲ ಉಸಿರು ಕಟ್ಟಿದ ಹಂಗೆ ಗುರ್ ಅಂತು. ಅವಳಿಗೆ ಹೆದರಿಕೆಯಾಗಿ ತಕ್ಷಣ ಆಫ್ ಮಾಡಿದ್ಲು. ಎಲ್ಲ ಸೇರಿ ಐದಾರು ಸೆಕೆಂಡು ಇರಬಹುದು.

ಆ ಹೊತ್ತಲ್ಲೇ ಗದ್ದೆ ಕಡೆಯಿಂದ ಅಪ್ಪಯ್ಯ ಕೂಗಿದ್ದು ಕೇಳ್ತು.

ಲೈನ್‌ಮನ್ ಕೈಲಿ ನಮ್ಮ ಕಡೆಯ ತಂತಿ ಇತ್ತು. ಅವನು ಹಿಂದಕ್ಕೆ ಎಸೆದ ಹಾಗೆ ಗದ್ದೆಗೆ ಬಿದ್ದ. ರಾತ್ರಿ ಮಳೆಗೆ ಗದ್ದೆ ಕೆಸರಾಗಿತ್ತು, ಅದೇ ಅವನನ್ನ ಉಳಿಸಿದ್ದು. ಬಲಗೈ ಮುರೀತು, ಅಂಗೈ ಸುಟ್ಟಿತ್ತು. ಜೀಪಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ರು. ಫ್ಯೂಸ್ ಅವನ ಜೇಬಲ್ಲೇ ಇತ್ತು. ಹಂಗಿದ್ರೆ ಕರೆಂಟ್ ಎಲ್ಲಿಂದ ಬಂತು ಅಂತ ಯಾರಿಗೂ ತಿಳೀಲಿಲ್ಲ. ಕೆಳಗಿನ ಮನೆ ಅತ್ತಿಗೆ ಬಂದು, "ಆಗ ನಮ್ಮನೆ ಬಲ್ಬು ಒಂದ್ಸಲ ಮಿಣುಕ್ ಅಂತ ಹತ್ತಿ ಆರ್ತು ಮಾರಾಯ್ತಿ, ಎಂತ ಆಗಿತ್ತು?" ಅಂತ ಕೇಳಿದಾಗ ಎಲ್ಲರಿಗೂ ಅರ್ಥ ಆಯ್ತು. ಅಮ್ಮ ಒಲೆ ಮುಂದೆ ಕೂತವಳು ಏಳಲೇ ಇಲ್ಲ.

ಮದುವೆ ನಡೀತು. ಆದ್ರೆ ಆಮೇಲೆ ನಮ್ಮನೇಲಿ ಒಂದು ಮಾತು ಉಳೀತು: "ಹೆಂಗಸರು ಮೈನ್ ಮುಟ್ಟಬಾರದಿತ್ತು." ಯಾರೂ ಕೆಟ್ಟದಾಗಿ ಹೇಳಿದ್ದಲ್ಲ. ಆದ್ರೂ ವರ್ಷಗಟ್ಟಲೆ ಅಮ್ಮ ಸ್ವಿಚ್ ಬೋರ್ಡ್ ಹತ್ರ ಹೋಗ್ತಿರಲಿಲ್ಲ. ಬಲ್ಬು ಬದಲಾಯಿಸೋಕೂ ನನ್ನ ಕರೀತಿದ್ಲು.

ಏನಾಗಿತ್ತು ಅಂತ ನಂಗೆ ಸರಿಯಾಗಿ ಗೊತ್ತಾಗಿದ್ದು ಕಾಲೇಜಲ್ಲಿ ಫಿಸಿಕ್ಸ್ ಓದುವಾಗ. ಅಡಿಗೆಮನೆ ಮಾತಲ್ಲೇ ಹೇಳ್ತೀನಿ, ಕೇಳಿ.

ತಂತಿಗೆ ದಿಕ್ಕು ಅಂತ ಇಲ್ಲ. ಕಂಬದಿಂದ ಮನೆಗೆ ಬರೋ ತಂತಿ ಮನೆಯಿಂದ ಕಂಬಕ್ಕೂ ಹೋಗೋ ತಂತಿಯೇ. ಕೊಟ್ಟಿಗೆಗೆ ಹೋಗೋ ದಾರೀಲೇ ಅಲ್ವಾ ನಾವು ವಾಪಸ್ ಮನೆಗೆ ಬರೋದು? ಜಗಲಿ ಪ್ಲಗ್ಗಿಗೆ ಕರೆಂಟ್ ತುಂಬಿದ್ರೆ ಅದು ಮನೆ ವಯರಿಂಗಿಗೆಲ್ಲ ಹೋಗತ್ತೆ, ಮೈನ್ ಹಾಕಿದ್ರೆ ಮೀಟರ್ ದಾಟಿ ಕಂಬಕ್ಕೂ ಹೋಗತ್ತೆ. ಲೈನ್‌ಮನ್ ಟಿಸಿ ಕಡೆಯಿಂದ ಬರೋದನ್ನ ತಡೆದಿದ್ದ. ಮನೆ ಕಡೆಯಿಂದ ಬರೋದನ್ನ ತಡೆದಿರಲಿಲ್ಲ.

ಇನ್ನೂ ಹೆದರಿಕೆಯ ವಿಷಯ ಟಿಸಿಯದ್ದು. ಟಿಸಿ ಅಂದ್ರೆ ಟ್ರಾನ್ಸ್‌ಫಾರ್ಮರ್. 1831ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಲ್ಲಿ ಒಂದು ಕಬ್ಬಿಣದ ಬಳೆ ತಗೊಂಡು, ಅದರ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿದ. ಒಂದು ಸುರುಳಿಯ ಕರೆಂಟನ್ನ ಹಾಕಿ ತೆಗೆದಾಗೆಲ್ಲ, ಮುಟ್ಟದೇ ಇದ್ರೂ, ಇನ್ನೊಂದು ಸುರುಳೀಲಿ ಕರೆಂಟ್ ಹುಟ್ಟೋದನ್ನ ಕಂಡ. ಎಲ್ಲ ಟಿಸಿಗಳ ಮೂಲ ಅದೇ ಬಳೆ. ಒಂದು ಬದಿ ಸುತ್ತು ಜಾಸ್ತಿ, ಇನ್ನೊಂದು ಬದಿ ಕಮ್ಮಿ ಮಾಡಿದ್ರೆ ವೋಲ್ಟೇಜು ಇಳೀತದೆ. ದೊಡ್ಡ ಲೈನಿನ 11,000 ವೋಲ್ಟು ನಮ್ಮ ಊರಿನ ಟಿಸೀಲಿ ಇಳಿದು ಮನೆಗೆ 230 ಆಗಿ ಬರೋದು ಹಂಗೆ. ಆದ್ರೆ ಬಳೆಗೆ ಎಡ ಬಲ ಗೊತ್ತಿಲ್ಲ. ಈಚೆ ಕಡೆಯಿಂದ 230 ಕೊಟ್ರೆ ಆಚೆ ಕಡೆ ಸುಮಾರು 11,000 ಆಗಿ ಏರತ್ತೆ. ನಮ್ಮ ಹುಡುಗ್ರು ಹಗ್ಗ ಎಳ್ದು ಶುರು ಮಾಡೋ ಸಣ್ಣ ಜನರೇಟರು, ಎಲ್ಲೋ ಎರಡು ಮೈಲಿ ಆಚೆ ಕಾಡಲ್ಲಿ ಕಂಬ ಹತ್ತಿದೋನ ಕೈಗೆ 11,000 ವೋಲ್ಟ್ ಕೊಡಬಹುದು.

ಇದಕ್ಕೆ ಗಂಡಸರ ಹತ್ರ ಒಂದು ಉತ್ತರ ಇರತ್ತೆ. "ಹಂಗೆಲ್ಲ ಆಗಲ್ಲ, ಊರಿನ ಲೋಡೆಲ್ಲ ಬಿದ್ದು ಜನರೇಟರೇ ನಿಂತೋಗತ್ತೆ" ಅಂತ. ಎಷ್ಟೋ ಸಲ ನಿಲ್ಲತ್ತೆ, ಸುಳ್ಳಲ್ಲ. ಆದ್ರೆ ಲೈನ್‌ಮನ್ ಕೆಲಸಕ್ಕೆ ಬರೋದು ಯಾವಾಗ? ತಂತಿ ತುಂಡಾದಾಗ, ಫ್ಯೂಸ್ ಕಿತ್ತಾಗ. ಆಗ ಊರಿನ ಲೋಡು ನಮ್ಮಿಂದ ಬೇರೆ ಆಗಿರತ್ತೆ. ನಮ್ಮನೆ ಜೊತೆ ಎರಡು ಮನೆ ಮಾತ್ರ ಉಳಿದಿರತ್ತೆ. ಎರಡು ಮನೆಯ ಬಲ್ಬಿಗೆ ಜನರೇಟರ್ ನಿಲ್ಲಲ್ಲ. ಅವತ್ತು ಆಗಿದ್ದೂ ಅದೇ.

ಆ ಎರಡು ಪಿನ್ನಿನ ವಯರಲ್ಲಿ ಇನ್ನೂ ಎರಡು ಅಪಾಯ ಇದೆ. ಜನರೇಟರ್ ಓಡ್ತಿರುವಾಗ ಗೋಡೆಯಿಂದ ಆ ಪಿನ್ ಕಿತ್ತು ಬಂತು ಅಂತಿಟ್ಕೊಳ್ಳಿ. ಕೈಲಿರೋ ಪಿನ್ನಿನ ಹಿತ್ತಾಳೇಲಿ ಪೂರ್ತಿ 230 ವೋಲ್ಟ್ ಇರತ್ತೆ. ತೆವಳೋ ಮಗು ಇರೋ ಮನೆ ಆದ್ರೆ ಯೋಚನೆ ಮಾಡಿ. ಇನ್ನೊಂದು, ಮೈನ್ ಹಾಕಿದ್ದಾಗ ಆಚೆ ಕಡೆಯಿಂದ ನಿಜವಾದ ಕರೆಂಟ್ ಬಂದ್ರೆ ಎರಡೂ ಡಿಕ್ಕಿ ಹೊಡೀತವೆ. ಜನರೇಟರ್ ಸುಟ್ಟು ಹೋಗಬಹುದು, ವಯರಿಗೆ ಬೆಂಕಿ ಹತ್ತಬಹುದು.

ಇದಕ್ಕೆಲ್ಲ ಮದ್ದು ಚೇಂಜ್ ಓವರ್ ಸ್ವಿಚ್ಚು. ಇದು ಹೊಸ ವಸ್ತು ಏನಲ್ಲ. ಕರೆಂಟಿನ ಆರಂಭದ ಕಾಲದಲ್ಲೇ ಕಲ್ಲಿನ ಹಲಗೆ ಮೇಲೆ ತಾಮ್ರದ ಕತ್ತಿಯಂಥ ಪಟ್ಟಿ ಕೂರಿಸಿ, ಮೇಲಕ್ಕೆ ಎತ್ತಿದ್ರೆ ಒಂದು ಕಡೆ, ಕೆಳಕ್ಕೆ ಒತ್ತಿದ್ರೆ ಇನ್ನೊಂದು ಕಡೆ ಕೂರೋ ಸ್ವಿಚ್ ಮಾಡ್ತಿದ್ರು. ಈಗ ಅದೇ ಕಬ್ಬಿಣದ ಡಬ್ಬಿಯೊಳಗೆ ಇದೆ. ಹಿಡಿಗೆ ಮೂರು ಜಾಗ: ಒಂದು ಕಡೆ ಕಂಬದ ಕರೆಂಟು, ಮಧ್ಯ ಯಾವುದೂ ಇಲ್ಲ, ಇನ್ನೊಂದು ಕಡೆ ಜನರೇಟರು. ಹಿಡಿ ಒಂದೇ ಇರೋದ್ರಿಂದ ಎರಡೂ ಕಡೆ ಒಟ್ಟಿಗೆ ಕೂರಿಸೋಕೆ ಯಾರಿಂದಲೂ ಆಗಲ್ಲ. ನೆನಪಿದ್ರೂ ಆಗಲ್ಲ, ಮರೆತ್ರೂ ಆಗಲ್ಲ, ಕತ್ತಲಲ್ಲೂ ಆಗಲ್ಲ. ಅದರ ದೊಡ್ಡ ಗುಣವೇ ಇದು. ಒಂದು ಕೋಣೆಗೆ ಎರಡು ಬಾಗಿಲು ಇದ್ದು, ಒಂದನ್ನ ತೆಗೆದ್ರೆ ಇನ್ನೊಂದು ತಾನಾಗಿ ಮುಚ್ಚೋ ಹಾಗೆ.

ಕೈ ಮುರಿದ ಲೈನ್‌ಮನ್ ನಾಲ್ಕು ತಿಂಗಳಾದ್ಮೇಲೆ ಕೆಲಸಕ್ಕೆ ಬಂದ. ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ. ಒಂದಿನ ಅವನೇ ನಮ್ಮನೆಗೆ ಬಂದು, ಲೈಸೆನ್ಸ್ ಇರೋ ವಯರಿಂಗ್‌ನವನನ್ನೂ ಜೊತೆಗೆ ಕರ್ಕೊಂಡು ಬಂದು ಚೇಂಜ್ ಓವರ್ ಹಾಕಿಸಿದ. ಅಮ್ಮ ಚಾ ತಂದು ಕೊಟ್ಟು ತಲೆ ತಗ್ಗಿಸಿ ನಿಂತಿದ್ಲು. ಅವನು ಹೇಳಿದ್ದು ನಂಗೆ ಇವತ್ತಿಗೂ ಕಿವೀಲಿದೆ. "ಅಮ್ಮಾ, ನೀವು ಮೈನ್ ಹಾಕಿದ್ದಕ್ಕೆ ಹಿಂಗಾಗಿದ್ದಲ್ಲ. ಜನರೇಟರ್ ಓಡುವಾಗ ಮೈನ್ ಹಾಕೋಕೆ ಆಗೋ ಹಂಗೆ ಇಟ್ಟಿದ್ರಲ್ಲ, ಅದಕ್ಕೆ ಆಗಿದ್ದು. ನೀವಲ್ದಿದ್ರೆ ಇನ್ನೊಂದಿನ ಇನ್ಯಾರೋ ಹಾಕ್ತಿದ್ರು."

ಹೆಂಗಸರು ಮುಟ್ಟಬಾರದಿತ್ತು ಅನ್ನೋ ಮಾತಿಗೂ ಈ ಮಾತಿಗೂ ಎಷ್ಟು ವ್ಯತ್ಯಾಸ ನೋಡಿ. ಚಿಕ್ಕಪ್ಪ ಒಬ್ಬನ ಜೀವವನ್ನ ಮನೆಯೋರ ನೆನಪಿನ ಮೇಲೆ ಬಿಟ್ಟಿದ್ದ. ಮದುವೆ ಮನೇಲಿ, ನೂರು ಕೆಲಸದ ಮಧ್ಯ, ಯಾಕೆ ಅಂತಲೂ ಹೇಳದ ಒಂದು ಮಾತಿನ ಮೇಲೆ. ಚೇಂಜ್ ಓವರ್ ಆ ಭಾರವನ್ನ ನಮ್ಮ ತಲೆಯಿಂದ ಇಳಿಸತ್ತೆ.

ಈಗ ತಂಗಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಇದನ್ನ ಓದಿ ನೀವೇ ವಯರ್ ಬಿಚ್ಚೋಕೆ ಕೂರಬೇಡಿ. 1956ರ ವಿದ್ಯುತ್ ನಿಯಮದಲ್ಲೇ ಇಂಥ ಕೆಲಸ ಲೈಸೆನ್ಸ್ ಇದ್ದೋರೇ ಮಾಡಬೇಕು ಅಂತಿತ್ತು, ಕಾರಣ ಇದ್ದೇ ಮಾಡಿದ್ದು. ಆದ್ರೆ ಕೆಲಸ ಮಾಡೋನ ಹತ್ರ ನಿಂತು ನಾಲ್ಕು ಮಾತು ಕೇಳಿ. ಸ್ವಿಚ್ಚು ಮೀಟರ್ ಆದ್ಮೇಲೆ, ಮನೆಗೆ ಕರೆಂಟ್ ಹಂಚೋ ಬೋರ್ಡಿಗಿಂತ ಮೊದಲು ಬಂತಾ? ಫೇಸ್ ಮತ್ತೆ ನ್ಯೂಟ್ರಲ್ ಎರಡನ್ನೂ ಬದಲಾಯಿಸತ್ತಾ? ಸಿಂಗಲ್ ಫೇಸ್ ಮನೆಗೆ ಎರಡು ಪೋಲಿಂದು, ತ್ರೀ ಫೇಸ್ ಇದ್ರೆ ನಾಲ್ಕು ಪೋಲಿಂದು ಹಾಕ್ಬೇಕು. ನ್ಯೂಟ್ರಲ್ ಹಂಗೇ ಬಿಟ್ರೆ ಅರ್ಧ ಬಾಗಿಲು ಹಾಕಿದ ಹಾಗೆ. ಜನರೇಟರಿಗೆ ಅರ್ತಿಂಗ್ ಎಲ್ಲಿದೆ? ಅರ್ತಿಂಗ್ ಗುಂಡಿಗೆ ಬೇಸಿಗೇಲಿ ನೀರು ಹಾಕೋ ಕೆಲಸವನ್ನ ತುಳಸಿಗೆ ನೀರು ಹಾಕೋರೇ ವಹಿಸ್ಕೊಂಡ್ರೆ ಮರೆಯಲ್ಲ.

ಕೊನೇದು, ಕಂಬದ ಕಡೆ ವಯರಿಗೆ ಚೇಂಜ್ ಓವರಿಗಿಂತ ಮೊದಲೇ ಒಂದು ಸಣ್ಣ ಇಂಡಿಕೇಟರ್ ದೀಪ ಹಾಕಿಸ್ಕೊಳ್ಳಿ. ಹೊರಗಿನ ಕರೆಂಟ್ ಬಂದ ಕೂಡ್ಲೇ ಅದು ಹತ್ತತ್ತೆ, ಹಿಡಿ ಮುಟ್ಟೋದೇ ಬೇಡ. ನಮ್ಮನೇಲಿ ಆವತ್ತು ಆ ದೀಪ ಒಂದು ಇದ್ದಿದ್ರೆ ಅಮ್ಮ ಮೈನ್ ಹತ್ರ ಹೋಗ್ತಿರಲೇ ಇಲ್ಲ.

ಬಳಸೋ ಕ್ರಮವೂ ಸುಲಭ. ಕರೆಂಟ್ ಹೋದಾಗ ಮೊದಲು ಫ್ರಿಜ್ಜು, ಪಂಪು, ಗೀಸರ್ ಸ್ವಿಚ್ ಆಫ್ ಮಾಡಿ. ಹಿಡಿ ಮಧ್ಯಕ್ಕೆ ತನ್ನಿ. ಜನರೇಟರ್ ಶುರು ಮಾಡಿ ಒಂದೆರಡು ನಿಮಿಷ ಸುಮ್ನೆ ಓಡಲಿ. ಆಮೇಲೆ ಹಿಡಿ ಜನರೇಟರ್ ಕಡೆಗೆ. ಬೇಕಾದ್ದನ್ನ ಒಂದೊಂದಾಗಿ ಹಾಕಿ. ಒಂದು ಎಚ್‌ಪಿ ಪಂಪು ಅಂದ್ರೆ 746 ವ್ಯಾಟು ಅಂತ ಲೆಕ್ಕ, ಆದ್ರೆ ಶುರುವಾಗೋ ಕ್ಷಣಕ್ಕೆ ಅದಕ್ಕೆ ಇದರ ಹಲವು ಪಟ್ಟು ಬೇಕು. ಸಣ್ಣ ಜನರೇಟರ್ ಮೇಲೆ ಹಾಕಿ ಅದನ್ನ ಏದುಸಿರು ಬಿಡಿಸಬೇಡಿ. ಇಂಡಿಕೇಟರ್ ಹತ್ತಿದ ಮೇಲೆ ಎಲ್ಲ ಉಲ್ಟಾ: ಸಾಮಾನೆಲ್ಲ ಆಫ್, ಹಿಡಿ ಮಧ್ಯಕ್ಕೆ, ಆಮೇಲೆ ಕಂಬದ ಕಡೆಗೆ. ಜನರೇಟರ್ ಇನ್ನೊಂದು ಗಳಿಗೆ ಬರಿದೇ ಓಡಿ ತಣ್ಣಗಾಗಲಿ, ಆಮೇಲೆ ಬಂದ್ ಮಾಡಿ. ಬಿಸಿ ಇರುವಾಗ ಎಣ್ಣೆ ಹಾಕಬೇಡಿ.

ಚೇಂಜ್ ಓವರ್ ಹಾಕಿಸೋವರೆಗೆ ಏನು ಮಾಡದು ಅಂತ ತಂಗಿ ಕೇಳಿದ್ಲು. ಜನರೇಟರಿಂದ ಒಳ್ಳೇ ಎಕ್ಸ್‌ಟೆನ್ಷನ್ ವಯರ್ ಎಳೆದು ಮಿಕ್ಸಿಯನ್ನೋ ಫ್ರಿಜ್ಜನ್ನೋ ನೇರ ಅದಕ್ಕೇ ಚುಚ್ಚಬಹುದು. ಮನೆ ಗೋಡೆಯ ಪ್ಲಗ್ಗಿಗೆ ಮಾತ್ರ ಜನರೇಟರಿನ ವಯರು ಹೋಗಬಾರದು. ಯಕ್ಷಗಾನದ ಬಯಲಲ್ಲಿ ಇದ್ದ ಹಾಗೆ, ಅದರ ಕರೆಂಟ್ ಅದರ ವಯರಲ್ಲೇ ಮುಗೀಲಿ.

ಮತ್ತೆ, ಮಳೆ ಅಂತ ಜನರೇಟರನ್ನ ಜಗಲಿಗೋ ಬಚ್ಚಲಿಗೋ ತಂದು ಬಾಗಿಲು ಹಾಕಬೇಡಿ. ಅದರ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗ್ತಾರೆ. ಮನೆಯಿಂದ ದೂರ, ಕಿಟಕಿ ಹತ್ರ ಅಲ್ಲದ ಕಡೆ, ಮೇಲೊಂದು ಮಾಡು ಮಾಡಿ ಸುತ್ತ ತೆರೆದೇ ಇಡಬೇಕು.

ಈಗಿನೋರು ಇದೆಲ್ಲ ಹಳೇ ಕಥೆ ಅನ್ಬಹುದು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಲ್ಲಿರೋರಿಗೆ ಕರೆಂಟ್ ಹೋಗಿದ್ದೂ ಗೊತ್ತಾಗಲ್ಲ, ಕೆಳಗಿನ ಪ್ಯಾನೆಲ್ಲು ತಾನೇ ಬದಲಾಯಿಸ್ಕೊಳ್ಳತ್ತೆ. ಅದರೊಳಗೂ ಒಂದು ಕಡೆ ಕೂತಿದ್ರೆ ಇನ್ನೊಂದು ಕಡೆ ಕೂರದಂಥ ತಡೆ ಇದ್ದೇ ಇರತ್ತೆ. 2024ರಲ್ಲಿ ಸೂರ್ಯ ಘರ್ ಯೋಜನೆ ಬಂದ್ಮೇಲೆ ನಮ್ಮ ಕಡೆಯೂ ಮಾಡಿನ ಮೇಲೆ ಸೋಲಾರ್ ಹಾಕಿಸೋರು ಜಾಸ್ತಿಯಾಗಿದಾರೆ. ಮೊನ್ನೆ ಪಕ್ಕದ ಮನೆಯಾಕೆ ಬೇಜಾರಲ್ಲಿದ್ರು: "ಬಿಸಿಲು ಧಗಧಗ ಅಂತಿದೆ, ಕರೆಂಟ್ ಹೋದ್ರೆ ಇದೂ ಬಂದಾಗತ್ತಲ್ರೀ! ಇಷ್ಟು ದುಡ್ಡು ಕೊಟ್ಟು ಎಂತ ಪ್ರಯೋಜನ?" ಅಂತ.

ನಾನು ಅವರಿಗೆ ನಮ್ಮನೆ ಕಥೆ ಹೇಳಿದೆ. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಸೇರಿಸಿದ ಸೋಲಾರು, ಲೈನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ಕೂಡ್ಲೇ ನಿಲ್ಲೋ ಹಂಗೆ ಮಾಡಿರ್ತಾರೆ. ಕೆಟ್ಟು ನಿಂತಿದ್ದಲ್ಲ ಅದು. ಎಲ್ಲೋ ಕಂಬದ ಮೇಲೆ ಒಬ್ಬ ಇರಬಹುದು ಅಂತ ನಿಂತಿರತ್ತೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ನಿಂತುಕೊಳ್ಳಲಿ ಬಿಡಿ" ಅಂದ್ರು.

ಆ ಲೈನ್‌ಮನ್ ರಿಟೈರ್ ಆಗಿ ವರ್ಷಗಳಾದ್ವು. ಪ್ರತಿ ವರ್ಷ ಅಪ್ಪೆಮಿಡಿ ಹಾಕಿದಾಗ ಅಮ್ಮ ಒಂದು ಭರಣಿ ಬೇರೆ ತೆಗೆದಿಡ್ತಾಳೆ, ಅವನ ಮನೆಗೆ ಅಂತ. ಈ ವರ್ಷದ್ದನ್ನ ನಾನೇ ಕೊಟ್ಟು ಬಂದೆ.

ತಂಗಿ ಮತ್ತೆ ಫೋನ್ ಮಾಡಿದಾಗ ಅಮ್ಮನೇ ಮಾತಾಡಿದ್ಲು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ದಿನದ ವಿಷಯ ಅವಳ ಬಾಯಿಂದ ಪೂರ್ತಿ ಬಂತು. ಕೊನೆಗೆ, "ಅಳಿಯಂದ್ರಿಗೆ ಫೋನ್ ಕೊಡು" ಅಂದ್ಲು. ಎಂತ ಹೇಳಿದ್ಲೋ ನಂಗೆ ಕೇಳಲಿಲ್ಲ, ನಾನು ಒಲೆ ಮೇಲಿಟ್ಟ ಹಾಲು ನೋಡೋಕೆ ಹೋಗಿದ್ದೆ. ಭಾನುವಾರ ತಂಗಿ ಫೋಟೋ ಕಳಿಸಿದ್ಲು. ಜಗಲಿ ಗೋಡೇಲಿ ಹೊಸ ಬೂದು ಬಣ್ಣದ ಡಬ್ಬಿ, ಮೂರು ಜಾಗದ ಹಿಡಿ, ಮೇಲೊಂದು ಸಣ್ಣ ಕೆಂಪು ದೀಪ. ಅಮ್ಮ ಕನ್ನಡಕ ಹಾಕ್ಕೊಂಡು ಆ ಫೋಟೋವನ್ನ ದೊಡ್ಡದು ಮಾಡಿಸಿ ನೋಡಿದ್ಲು. "ದೀಪ ಹಾಕ್ಸಿದಾರೆ" ಅಂದ್ಲು.